ಬೆಂಕಿಪುರ ಅಂದ್ರೆ ಭದ್ರಾವತೀನೇ ಅಲ್ವಾ?

ನಮ್ಮಜ್ಜಿ ಭದ್ರಾವತಿಗೆ ಬೆಂಕಿಪುರ ಅಂತಲೇ ಹೇಳ್ತಿದ್ದರು. ಕಬ್ಬಿಣದ ಕಾರ್ಖಾನೆಯ ಕುಲುಮೆ ನೋಡಿ ಬಂದ ಹೆಸರಾ ಇದು?

ಹಳೇನಗರದವ: ಇಲ್ಲ ಮಾರಾಯ್ರೇ, ಹೆಸರು ಕಾರ್ಖಾನೆಗಿಂತ ಹಳೇದು. ವಿಶ್ವೇಶ್ವರಯ್ಯನವರ ಕನಸಿನ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾಗಿದ್ದೇ 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯಿಂದ, ಕುಲುಮೆಗೆ ಮಲೆನಾಡಿನ ಕಟ್ಟಿಗೆ ಸುಟ್ಟು ಮಾಡಿದ ಇದ್ದಿಲು, ಎಷ್ಟು ಕಾಡು ಹೋಗಿರಬಹುದು ಅಂತ ಯಾರೂ ಮಾತಾಡಲ್ಲ ಬಿಡಿ.

ಪೇಪರ್‌ಟೌನ್ ಹುಡುಗಿ: ಪೇಪರ್ ಮಿಲ್ ಮರೆತ್ರಾ? 1930ರ ದಶಕದ್ದು. ಸೈರನ್ ಕೇಳಿ ಗಡಿಯಾರ ಸರಿ ಮಾಡ್ಕೋತಿದ್ದ ಊರಿದು. ಈಗ ಮಿಲ್ ನಿಂತಿದೆ, ಕ್ವಾರ್ಟರ್ಸ್ ಸುತ್ತ ಗಿಡಗಂಟಿ.

ಕೇಳಿದವರು: ಅಜ್ಜಿ ಹೇಳಿದ ಇದ್ದಿಲಿನ ಗಾಡಿಗಳ ಕಥೆ ಈಗ ಅರ್ಥ ಆಯ್ತು. ಥ್ಯಾಂಕ್ಸ್.