ಮೂರು ಮೆಟ್ಟಿಲಿಗೆ ಮೂರು ಪದ ಬೇಕು (ಬೋರ್ಡ್ ಬರೆಸಬೇಕು, ತುರ್ತು)

ಧಾರವಾಡದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯಲ್ಲಿ ಮಳೆಕಾಡಿನ ಪ್ರಾಣಿಗಳ ಪ್ರದರ್ಶನ ಇದೆ. ನಾಳೆ ಹನ್ನೊಂದಕ್ಕೆ ಪೇಂಟರ್ ಬರುತ್ತಾನೆ.

ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ) ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಮೂರು ಮೆಟ್ಟಿಲು. ದಾಂಡೇಲಿ ಕಡೆ ಕಾಣುವ ದೊಡ್ಡ ಮಂಗಟ್ಟೆ ಹಕ್ಕಿ ವಲ್ನರಬಲ್. ಶಿರಸಿ-ಹೊನ್ನಾವರದ ಕಾಡಿನ ಸಿಂಗಳೀಕ ಎಂಡೇಂಜರ್ಡ್. ಸುಮಾತ್ರಾ, ಬೋರ್ನಿಯೋದ ಒರಾಂಗುಟಾನ್ ಕ್ರಿಟಿಕಲಿ ಎಂಡೇಂಜರ್ಡ್. ಪೇಪರಿನವರು ಮೂರಕ್ಕೂ ‘ಅಳಿವಿನಂಚಿನ’ ಅಂತಲೇ ಬರೆಯುತ್ತಾರೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: “ಎಲ್ಲಾ ಒಂದ ಅಂಚಿನ್ಯಾಗ ನಿಂತಾವೇನ್ರಿ ಸರ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಚಿತ್ರದ ಕೆಳಗೆ ಒಂದೂವರೆ ಅಡಿ ಜಾಗ ಅಷ್ಟೇ. ಉದ್ದ ಪದ ಹಿಡಿಸೋದಿಲ್ಲ.

ಗದಗದಿಂದ:

ಹುಡುಗಿ ಸರಿಯಾಗಿ ಕೇಳಿದ್ದಾಳೆ. ಆದರೆ ಮೊದಲು ‘ಅಳಿವು’ ಏನು ಅಂತ ತಿಳಿಯಿರಿ. ಹಳಗನ್ನಡದಲ್ಲಿ ಅದು ಅೞಿ. ತಮಿಳರು ಆ ೞ ಇನ್ನೂ ಉಳಿಸಿಕೊಂಡಿದ್ದಾರೆ. ನಾವು ಕೈಬಿಟ್ಟು ಎಲ್ಲದಕ್ಕೂ ಳ ಹಿಡಿದೆವು. ಈಗ ನಾಶವಾಗುವ ಅಳಿಯೂ, ಕಾವ್ಯದಲ್ಲಿ ಹೂವಿನ ಮೇಲೆ ಕೂರುವ ಅಳಿಯೂ (ದುಂಬಿ) ಒಂದೇ. ನಿಮ್ಮ ಪಟ್ಟಿಗೆ ಮೊದಲು ಸೇರಬೇಕಾದದ್ದು ಆ ಅಕ್ಷರ.

ಪದ ಬೇಕಾದರೆ: ಕಿರುಗುತ್ತು, ಕುತ್ತು, ಹೆಗ್ಗುತ್ತು. ಅಚ್ಚಗನ್ನಡ. ಅಪಾಯ, ವಿನಾಶ ಎಲ್ಲ ಬೇಡ.

ಹುಬ್ಬಳ್ಳಿಯಿಂದ:

ಸರ್, ಹೆಗ್ಗುತ್ತು ಅಂದರೆ ಹೆಗ್ಗಣದ ತಮ್ಮ ಇದ್ದಹಾಗಿದೆ. ವಲ್ನರಬಲ್‌ಗೆ ‘ನಾಜೂಕು’ ಹಾಕಿ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

ಧಾರವಾಡದಿಂದ:

ಗೊತ್ತಿದೆ, ಅದೇ ತೊಂದರೆ. ದವಾಖಾನೆ ಮುಂದೆ “ಹೆಂಗದಾರ?” ಅಂದರೆ “ಭಾಳ ನಾಜೂಕ ಐತ್ರಿ” ಅನ್ನುತ್ತಾರಲ್ಲ, ಆಗ ಊರಿಂದ ನೆಂಟರನ್ನು ಕರೆಸುವ ಹೊತ್ತು ಬಂದಿರುತ್ತದೆ. ಅದು ಮೂರನೇ ಮೆಟ್ಟಿಲು, ಮೊದಲನೆಯದಲ್ಲ. ಇನ್ನು ಮೈಸೂರು ಕಡೆಯವರು ನಾಜೂಕು ಅಂದರೆ ನಯ ಅಂದುಕೊಳ್ಳುತ್ತಾರೆ.

ಗದಗದಿಂದ:

ನಾಜೂಕು ಪಾರಸಿ. ಚರ್ಚೆ ಯಾಕೆ?

ಹಾವೇರಿಯಿಂದ:

ಪಾರಸಿ ಆದರೆ ಏನಾಯ್ತು? ನೀವು ಕೂತ ಕುರ್ಚಿ, ಬರೆಯುವ ಅರ್ಜಿ ಎರಡೂ ಅರಬ್ಬಿಯಿಂದ ಬಂದವು. ಎದ್ದು ನಿಂತು ಟೈಪ್ ಮಾಡ್ತೀರಾ?

ಗದಗದಿಂದ:

ನಿಮ್ಮ ಜಿಲ್ಲೆಯ ಬ್ಯಾಡಗಿಯನ್ನೇ ನೋಡಿ. ಗಿಡ ಅಮೆರಿಕದ್ದು, ಪೋರ್ಚುಗೀಸರು ತಂದರು. ನಮ್ಮ ರೈತ ಅವರ ಹೆಸರು ಸಾಲ ತರಲಿಲ್ಲ. ಮನೆಯಲ್ಲಿ ಮೆಣಸು ಇತ್ತು, ಕಾಯಿ ಸೇರಿಸಿ ಮೆಣಸಿನಕಾಯಿ ಅಂದ. ಅಷ್ಟು ಬುದ್ಧಿ ನಮಗೆ ಯಾಕಿಲ್ಲ?

ಹಾವೇರಿಯಿಂದ:

ಮೆಣಸಿನಕಾಯಿ ಮಾತು ಒಪ್ಪಿದೆ. ಹಾಗಾದರೆ ಒರಾಂಗುಟಾನ್‌ಗೆ ಏನು ಮಾಡುತ್ತೀರಿ? ಮಲಯದಲ್ಲಿ ಓರಾಂಗ್ ಅಂದರೆ ಮನುಷ್ಯ, ಹುತಾನ್ ಅಂದರೆ ಕಾಡು. ‘ಕಾಡಾಳು’ ಅಂತ ಬರೆಸಿದರೆ ಮಕ್ಕಳು ಫಾರೆಸ್ಟ್ ಗಾರ್ಡ್ ಚಿತ್ರ ಹುಡುಕುತ್ತಾರೆ.

ಧಾರವಾಡದ ಸರ್, ಜಗಳ ಬಿಡಿ, ಅಳತೆ ನೋಡಿ. ಹತ್ತು ವರ್ಷ ಅಥವಾ ಆ ಪ್ರಾಣಿಯ ಮೂರು ತಲೆಮಾರು, ಯಾವುದು ಜಾಸ್ತಿಯೋ ಅಷ್ಟರಲ್ಲಿ, ಸಂಖ್ಯೆ ಶೇ. 30 ಇಳಿದರೆ ಮೊದಲ ಮೆಟ್ಟಿಲು. ಶೇ. 50 ಇಳಿದರೆ ಎರಡನೆಯದು. ಶೇ. 80 ಆದರೆ ಮೂರನೆಯದು. ಬೇರೆ ಅಳತೆಗಳೂ ಇವೆ, ಆದರೆ ಇದು ಸುಲಭ. ಅಂದರೆ ಮಂಗಟ್ಟೆ ಅಂಚಿಗೆ ಬಂದಿಲ್ಲ, ಆ ಕಡೆ ನಡೆಯುತ್ತಿದೆ. ಮೊದಲನೆಯದಕ್ಕೆ ಸ್ಥಿತಿ ಹೇಳುವ ಪದ ಬೇಡ, ನಡೆಯುತ್ತಿರುವುದನ್ನು ಹೇಳುವ ಪದ ಬೇಕು. ಕೊನೆಯದಕ್ಕೆ ನಮ್ಮ ಹೊಲದ ಮಾತೇ ಇದೆ: “ಬೀಜಕ್ಕಷ್ಟ ಉಳದಾವ.” ತಪನುಲಿ ಒರಾಂಗುಟಾನ್ ಬೇರೆ ಜಾತಿ ಅಂತ ಗೊತ್ತಾದದ್ದೇ 2017ರಲ್ಲಿ. ಇರುವುದು 800ಕ್ಕಿಂತ ಕಡಿಮೆ. ಬೀಜಕ್ಕಷ್ಟೇ ಅನ್ನದೆ ಮತ್ತೇನು ಅನ್ನೋದು?

ಗದಗದಿಂದ:

‘ಬೀಜ’ ಸಂಸ್ಕೃತ.

ಹುಬ್ಬಳ್ಳಿಯಿಂದ:

ಶುರುವಾಯ್ತು.

ಧಾರವಾಡದಿಂದ:

ಎಲ್ಲರಿಗೂ ಥ್ಯಾಂಕ್ಸ್. ಪೇಂಟರ್ ಹತ್ತೂವರೆಗೇ ಬಂದ. ಮಂಗಟ್ಟೆಗೆ ‘ಕಡಿಮೆಯಾಗುತ್ತಿದೆ’, ಸಿಂಗಳೀಕಕ್ಕೆ ‘ಕುತ್ತಿನಲ್ಲಿದೆ’, ಒರಾಂಗುಟಾನ್‌ಗೆ ‘ಬೀಜಕ್ಕಷ್ಟೇ ಇದೆ’ ಬರೆಸಿದೆ. ಗದಗಿನ ಸರ್ ಅವರ ಕುತ್ತು ನಡುವೆ ಕೂತಿದೆ, ಬೇಜಾರು ಬೇಡ. ಮೊದಲನೆಯದಕ್ಕೆ ‘ಕುಗ್ಗುತ್ತಿದೆ’ ಅಂತ ಬರೆಸಬೇಕು ಅಂತಿದ್ದೆ. ಹಕ್ಕಿಯೇ ಸಣ್ಣದಾಗುತ್ತಿದೆ ಅಂದುಕೊಂಡಾರು ಅಂತ ಬಿಟ್ಟೆ.

ಇನ್ನೊಂದು ಸಣ್ಣ ಪ್ರಶ್ನೆ. ಅವನು ‘ಸಿಂಗಳಿಕ’ ಅಂತ ದೀರ್ಘ ಇಲ್ಲದೆ ಬರೆದು ಚಹಾ ಕುಡಿಯಲು ಹೋಗಿದ್ದಾನೆ. “ಹಿಡ್ಸೂದಿಲ್ರಿ ಸರ, ಬಾಲಕ್ಕ ಬಡೀತದ” ಅನ್ನುತ್ತಾನೆ. ಳೀ ಬೇಕೇಬೇಕಾ? ಬೇಗ ಹೇಳಿ, ಬಣ್ಣ ಇನ್ನೂ ಹಸಿ ಇದೆ.