ತೆಲುಗು ಡಿವಿಡಿಯ ಮನೆ ಕಾಪಿಗೆ ಕನ್ನಡ ಲಿಪಿಯ ಸಬ್‌ಟೈಟಲ್: ಸಮಯ ಜಾರುತ್ತೆ, ಟಿವಿಯಲ್ಲಿ ಒತ್ತು ಒಡೆಯುತ್ತೆ

ಗಡಿಯೂರು (ಚಿಂತಾಮಣಿ):

ಎಲ್ಲರಿಗೂ ನಮಸ್ಕಾರ. ದುಡ್ಡು ಕೊಟ್ಟು ತಂದ ತೆಲುಗು ಸಿನಿಮಾ ಡಿವಿಡಿ. ಗೀರು ಬೀಳ್ತಾ ಇದೆ ಅಂತ ಹಾರ್ಡ್‌ಡಿಸ್ಕಿಗೆ ಒಂದು ಎಂಕೆವಿ (ಚಿತ್ರ, ಧ್ವನಿ, ಸಬ್‌ಟೈಟಲ್ ಒಟ್ಟಿಗೆ ಇರುವ ಫೈಲ್) ಕಾಪಿ ಮಾಡಿ ಇಟ್ಟಿದ್ದೇವೆ, ಮನೆಯಲ್ಲಿ ನೋಡೋಕೆ ಮಾತ್ರ. ನೋಡುವವರು ವಯಸ್ಸಾದವರು. ಮನೆಮಾತು ತೆಲುಗು, ಓದಿದ್ದು ಕನ್ನಡ ಶಾಲೆ. ತೆಲುಗು ಲಿಪಿ ಓದಲು ಬರಲ್ಲ. ಈಗ ಕಿವಿ ಮಂದ. ಹಾಗಾಗಿ ತೆಲುಗು ಮಾತನ್ನೇ ಕನ್ನಡ ಅಕ್ಷರದಲ್ಲಿ ತೋರಿಸಬೇಕು.

ಡಿಸ್ಕಿನಲ್ಲಿರುವುದು ಇಂಗ್ಲಿಷ್ ಸಬ್‌ಟೈಟಲ್ ಒಂದೇ. ತೆಲುಗು ಲಿಪಿಯ ಎಸ್‌ಆರ್‌ಟಿ ಫೈಲ್ (ಮಾತು, ಅದರ ಸಮಯ ಬರೆದ ಪಠ್ಯ) ಬೇರೆಯಾಗಿ ಕೈಲಿದೆ. ತೊಂದರೆ ಎರಡು.

ಮೊದಲನೆಯದು ಸಮಯ. ಮೊದಲ ಮಾತು ವಿಡಿಯೋದಲ್ಲಿ 00:03:10ಕ್ಕೆ ಬರುತ್ತೆ, ಫೈಲಿನಲ್ಲಿ 00:03:18 ಇದೆ. ಕೊನೆಯ ಮಾತು ವಿಡಿಯೋದಲ್ಲಿ 02:21:40, ಫೈಲಿನಲ್ಲಿ 02:27:43. 8 ಸೆಕೆಂಡ್ ಹಿಂದಕ್ಕೆ ಎಳೆದರೆ ಶುರುವಿನಲ್ಲಿ ಸರಿ, ಹತ್ತು ನಿಮಿಷಕ್ಕೆ ಮತ್ತೆ ತಪ್ಪು. ಮೀಡಿಯಾಇನ್ಫೋ ತಂತ್ರಾಂಶದಲ್ಲಿ ವಿಡಿಯೋ 720×576, ಸೆಕೆಂಡಿಗೆ 25 ಫ್ರೇಮ್ ಅಂತ ತೋರಿಸುತ್ತೆ.

ಎರಡನೆಯದು ಟಿವಿ. ಪೆನ್‌ಡ್ರೈವ್ ಹಾಕಿ ಒಂದು ಕನ್ನಡ ಫೈಲ್ ಪರೀಕ್ಷೆ ಮಾಡಿದರೆ ಅಕ್ಷರ ಬರುತ್ತೆ, ಆದರೆ ‘ಅಕ್ಕ’ ಅನ್ನೋದು ‘ಅಕ್‌ಕ’ ಆಗುತ್ತೆ. ಲ್ಯಾಪ್‌ಟಾಪಿನಲ್ಲಿ ಅದೇ ಫೈಲ್ ಸರಿಯಾಗಿದೆ. ಲಿಪಿ ಬದಲಿಸಲು ಸಾವಿರಕ್ಕೂ ಹೆಚ್ಚು ಸಾಲು ಕೈಯಲ್ಲಿ ಟೈಪ್ ಮಾಡಲೇಬೇಕಾ?

ರೀಲುಡಬ್ಬಿ (ಕೋಲಾರ):

ನಾಲ್ಕೂ ಸಮಯ ಬರೆದು ಒಳ್ಳೆಯದು ಮಾಡಿದಿರಿ, ಅದರಲ್ಲೇ ಉತ್ತರ ಇದೆ. ಎಲ್ಲವನ್ನೂ ಸೆಕೆಂಡಿಗೆ ಇಳಿಸಿ. ವಿಡಿಯೋದಲ್ಲಿ ಮೊದಲ ಮಾತಿನಿಂದ ಕೊನೆಯ ಮಾತಿಗೆ 8500ರಲ್ಲಿ 190 ಕಳೆದರೆ 8310. ಫೈಲಿನಲ್ಲಿ 8863ರಲ್ಲಿ 198 ಕಳೆದರೆ 8665. ಭಾಗಿಸಿದರೆ 1.0427. ಈ ಸಂಖ್ಯೆ ಕಂಡರೆ ಯೋಚನೆಯೇ ಬೇಡ: ಸಬ್‌ಟೈಟಲ್ ಮಾಡಿರುವುದು 23.976 ಫ್ರೇಮಿನ ವಿಡಿಯೋಗೆ, ನಿಮ್ಮ ಡಿಸ್ಕ್ 25ರ ಪಾಲ್ (ಸೆಕೆಂಡಿಗೆ 25 ಫ್ರೇಮಿನ ಟಿವಿ ಪದ್ಧತಿ). ಪಾಲ್ ಡಿಸ್ಕ್ ಮಾಡುವಾಗ ಸಿನಿಮಾವನ್ನು ಶೇ. 4ರಷ್ಟು ಬೇಗ ಓಡಿಸಿರುತ್ತಾರೆ. ಎರಡು ಗಂಟೆಯ ಚಿತ್ರ ಸುಮಾರು 115 ನಿಮಿಷಕ್ಕೆ ಮುಗಿಯುತ್ತೆ.

ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ಫೈಲ್ ತೆರೆದು, ಸಿಂಕ್ರೊನೈಸೇಶನ್ ಮೆನುವಿನಲ್ಲಿ ‘ಚೇಂಜ್ ಫ್ರೇಮ್ ರೇಟ್’ ಒತ್ತಿ. ಹಳೆಯದು 23.976, ಹೊಸದು 25. ಅಷ್ಟೇ. 198 ಇದ್ದದ್ದು 190ಕ್ಕೆ ಬರುತ್ತೆ, 8863 ಇದ್ದದ್ದು 8500ಕ್ಕೆ. ನೀವು ಈಗಾಗಲೇ 8 ಸೆಕೆಂಡ್ ಎಳೆದ ಫೈಲ್ ಬಳಸಬೇಡಿ, ಮೂಲ ಫೈಲನ್ನೇ ತೆಗೆದುಕೊಳ್ಳಿ. ಮೊದಲು ವೇಗ ಸರಿ ಮಾಡಿ, ಆಮೇಲೆ ಉಳಿದರೆ ಮಾತ್ರ ಹಿಂದೆ ಮುಂದೆ ಎಳೆಯಿರಿ. ತಿರುಗಾಮುರುಗಾ ಮಾಡಿದರೆ ಎಳೆದ ಸೆಕೆಂಡೂ ಕುಗ್ಗಿ ಲೆಕ್ಕ ಕೆಡುತ್ತೆ.

ಈ ದಾರಿ ಹುಡುಕಿ ಬರುವ ಬೇರೆಯವರಿಗೂ ಒಂದು ಮಾತು. ಡಿಸ್ಕ್ 29.97 ಇದ್ದು ಸಬ್‌ಟೈಟಲ್ 23.976 ಇದ್ದರೆ ದಯವಿಟ್ಟು ಏನೂ ಬದಲಿಸಬೇಡಿ. ಎನ್‌ಟಿಎಸ್‌ಸಿ (29.97 ಫ್ರೇಮಿನ ಇನ್ನೊಂದು ಟಿವಿ ಪದ್ಧತಿ) ಡಿಸ್ಕಿನಲ್ಲಿ ಫ್ರೇಮುಗಳನ್ನು ಮರುಕಳಿಸಿ 29.97 ಮಾಡಿರುತ್ತಾರೆ, ಸಿನಿಮಾದ ಒಟ್ಟು ಅವಧಿ ಬದಲಾಗಿರುವುದಿಲ್ಲ. ಎಸ್‌ಆರ್‌ಟಿಯಲ್ಲಿ ಇರುವುದು ಗಡಿಯಾರದ ಸಮಯ, ಫ್ರೇಮ್ ಸಂಖ್ಯೆ ಅಲ್ಲ. ಅಂಕಿ ಬೇರೆ ಇದೆ ಅಂತ ‘ಸರಿ’ ಮಾಡಲು ಹೋಗಿ ಸರಿಯಿದ್ದ ಫೈಲ್ ಕೆಡಿಸುವುದು ಇಲ್ಲೇ ಜಾಸ್ತಿ. ಇನ್ನು 24ಕ್ಕೂ 23.976ಕ್ಕೂ ಇರುವ ವ್ಯತ್ಯಾಸ ಸಾವಿರಕ್ಕೆ ಒಂದು, ಎರಡೂವರೆ ಗಂಟೆಯ ಕೊನೆಗೆ 9 ಸೆಕೆಂಡ್. ಅದನ್ನು ಬಿಡಬಾರದು.

ನಿಮ್ಮ ಹತ್ತಿರ ಇನ್ನೂ ಒಂದು ಆಸ್ತಿ ಇದೆ: ಡಿಸ್ಕಿನದೇ ಇಂಗ್ಲಿಷ್ ಸಬ್‌ಟೈಟಲ್. ಅದರ ಸಮಯ ಇದೇ ವಿಡಿಯೋಗೆ ಕೂರಿಸಿದ್ದು. ಡಿವಿಡಿಯಲ್ಲಿ ಸಬ್‌ಟೈಟಲ್ ಅಕ್ಷರವಾಗಿ ಇರಲ್ಲ, ಪುಟ್ಟ ಪುಟ್ಟ ಚಿತ್ರಗಳಾಗಿ ಇರುತ್ತೆ. ಅದನ್ನು ಸಬ್‌ಟೈಟಲ್ ಎಡಿಟ್‌ನಲ್ಲೇ ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡುವುದು) ಮಾಡಿ ಎಸ್‌ಆರ್‌ಟಿ ತೆಗೆದುಕೊಳ್ಳಿ. ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ, ಬೇಕಿರುವುದು ಸಮಯ ಮಾತ್ರ. ಆಮೇಲೆ ‘ಪಾಯಿಂಟ್ ಸಿಂಕ್ ವಯಾ ಅದರ್ ಸಬ್‌ಟೈಟಲ್’ ತೆರೆದು ಎಡಕ್ಕೆ ನಿಮ್ಮದು, ಬಲಕ್ಕೆ ಇಂಗ್ಲಿಷಿನದು ಇಟ್ಟು, ಒಂದೇ ಮಾತಿನ ಸಾಲುಗಳನ್ನು ನಾಲ್ಕೈದು ಕಡೆ ಜೋಡಿಸಿ. ಹೆಸರು ಕೂಗುವ ಸಾಲುಗಳನ್ನು ಆರಿಸಿಕೊಳ್ಳಿ, ಎರಡು ಭಾಷೆಯಲ್ಲೂ ಹೆಸರು ಒಂದೇ ಆದ್ದರಿಂದ ತಪ್ಪು ಜೋಡಿ ಆಗಲ್ಲ.

ಒತ್ತುಗುಣಿತ (ಬಾಗೇಪಲ್ಲಿ):

ಟೈಪ್ ಮಾಡುವ ಕೆಲಸ ಇಲ್ಲವೇ ಇಲ್ಲ. ಯೂನಿಕೋಡಿನಲ್ಲಿ (ಪ್ರತಿ ಲಿಪಿಯ ಅಕ್ಷರಕ್ಕೂ ಸಂಖ್ಯೆ ಕೊಡುವ ಪಟ್ಟಿ) ತೆಲುಗಿನ ಮನೆ ಮುಗಿದ ಕಡೆಯೇ ಕನ್ನಡದ ಮನೆ ಶುರು, ಎರಡಕ್ಕೂ 128 ಸ್ಥಾನ. ತೆಲುಗಿನ ‘ಕ’ದಿಂದ 128 ಮುಂದೆ ಹೋದರೆ ಕನ್ನಡದ ‘ಕ’. ಸ್ವರ, ಗುಣಿತ, ಸೊನ್ನೆ, ವಿರಾಮ (ಅರ್ಧಾಕ್ಷರದ ಗುರುತು) ಎಲ್ಲ ಇದೇ ಲೆಕ್ಕ. ಅಕ್ಷರಮುಖ ಎಂಬ ಉಚಿತ ಸಾಧನದಲ್ಲಿ ತೆಲುಗು ಪಠ್ಯ ಅಂಟಿಸಿ ಕನ್ನಡ ಆರಿಸಿದರೆ ಇಡೀ ಸಿನಿಮಾ ಒಂದು ನಿಮಿಷದ ಕೆಲಸ. ಬಂದದ್ದು ಹೀಗಿರಬೇಕು:

412
00:41:07,360 --> 00:41:09,800
ಎಕ್ಕಡಿಕಿ ವೆಳ್ತುನ್ನಾವು?
ಸಂತಕಿ.

ಸೆಕೆಂಡಿನ ಆಮೇಲೆ ಅಲ್ಪವಿರಾಮ ಇದೆ, ಚುಕ್ಕಿ ಅಲ್ಲ. ಚುಕ್ಕಿ ಆದರೆ ಕೆಲವು ಪ್ಲೇಯರ್ ಆ ಸಾಲನ್ನೇ ನುಂಗುತ್ತವೆ. ಯಾವ ಸಾಧನ ಬಳಸಿದರೂ ಸಮಯದ ಸಾಲು ಒಮ್ಮೆ ನೋಡಿ. ಅಂಕಿಗಳು ಕನ್ನಡ ಅಂಕಿಗೆ ತಿರುಗಿಬಿಟ್ಟಿದ್ದರೆ ಫೈಲ್ ಓಡಲ್ಲ.

ಕೈಯಾಡಿಸಬೇಕಾದ ಜಾಗ ಸ್ವಲ್ಪ ಇದೆ. ತೆಲುಗಿನ ಬಂಡಿ ರ ಬಂದರೆ ಅದು ಕನ್ನಡದ ‘ಱ’ ಆಗಿ ನಿಲ್ಲುತ್ತೆ. ಇವತ್ತಿನ ಶಾಲೆಯಲ್ಲಿ ಓದಿದವರಿಗೆ ಅದು ಗೊತ್ತಿಲ್ಲ, ಒಂದೇ ಸಲಕ್ಕೆ ಎಲ್ಲವನ್ನೂ ‘ರ’ ಮಾಡಿ. ಅರ್ಕಾವೊತ್ತಿಗೆ ಹೆದರಬೇಡಿ: ತೆಲುಗಿನಲ್ಲಿ ‘ಧರ್ಮಂ’ ಬರೆಯುವಾಗ ರಕಾರದ ಕೆಳಗೆ ಮಕಾರದ ಒತ್ತು ಕಾಣುತ್ತೆ, ಕನ್ನಡದಲ್ಲಿ ಅರ್ಕಾವೊತ್ತು ಕಾಣುತ್ತೆ, ಒಳಗಿನ ಸಂಕೇತದ ಸಾಲು ಒಂದೇ, ಫಾಂಟ್ ತಾನೇ ಜಾಗ ಬದಲಿಸಿಕೊಳ್ಳುತ್ತೆ.

ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8. ಆ ಫೈಲನ್ನು ಪ್ಲೇಯರ್ ಬೇರೆ ಎನ್‌ಕೋಡಿಂಗ್ ಅಂತ ಓದಿದರೆ ಒಂದೊಂದು ಕನ್ನಡ ಅಕ್ಷರ ಮೂರು ಮೂರು ಕಸದ ಚಿಹ್ನೆಗಳಾಗಿ ಬರುತ್ತೆ, ಯಾಕೆಂದರೆ ಯುಟಿಎಫ್-8ರಲ್ಲಿ ನಮ್ಮ ಒಂದು ಸಂಕೇತಕ್ಕೆ ಮೂರು ಬೈಟ್.

ಇನ್ನೊಂದು, ಸಬ್‌ಟೈಟಲ್ ಎಡಿಟ್ ಸಾಲುಗಳನ್ನು ಕೆಂಪು ಮಾಡಿ ‘ಉದ್ದ ಜಾಸ್ತಿ’ ಅಂದರೆ ಹಾಗೇ ನಂಬಬೇಡಿ. ‘ಸ್ತ್ರೀ’ ಓದುವವರಿಗೆ ಒಂದು ಅಕ್ಷರ, ಯಂತ್ರಕ್ಕೆ ಆರು: ಸ, ವಿರಾಮ, ತ, ವಿರಾಮ, ರ, ದೀರ್ಘ. ಕಣ್ಣಿಗೆ ಕಾಣುವ ಅಕ್ಷರ ಎಣಿಸಿ. ವಯಸ್ಸಾದವರಿಗೆ ಸಾಲಿಗೆ 18ರಿಂದ 20 ಅಕ್ಷರ, ಎರಡೇ ಸಾಲು, ಕನಿಷ್ಠ ಒಂದೂವರೆ ಸೆಕೆಂಡ್ ಇಟ್ಟರೆ ಆರಾಮಾಗಿ ಓದುತ್ತಾರೆ.

ಕಲ್ಪತರು_ಪರದೆ (ತುಮಕೂರು):

ಇಷ್ಟೆಲ್ಲ ಮಾಡುವ ಬದಲು ಕನ್ನಡಕ್ಕೇ ಅನುವಾದ ಮಾಡಿಸಿದರೆ ಮನೆಯಲ್ಲಿ ಎಲ್ಲರಿಗೂ ಅನುಕೂಲ ಅಲ್ಲವೇ? ಟೈಪ್ ಮಾಡಿಸುವುದಾದರೆ ಒಂದು ಎಚ್ಚರ. ಇಲ್ಲಿ ಬಿ.ಎಚ್. ರಸ್ತೆಯ ಕಡೆ ಇರಲಿ, ನಿಮ್ಮೂರಲ್ಲಿರಲಿ, ಡಿಟಿಪಿ ಅಂಗಡಿಯವರಿಗೆ ‘ಯೂನಿಕೋಡಿನಲ್ಲೇ ಬೇಕು’ ಅಂತ ಮೊದಲೇ ಹೇಳಿ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದುಕೊಟ್ಟರೆ ಅಲ್ಲಿ ಪರದೆಯ ಮೇಲೆ ಚೆನ್ನಾಗಿ ಕಾಣುತ್ತೆ, ಸಬ್‌ಟೈಟಲ್‌ಗೆ ಅಂಟಿಸಿದ ಕೂಡಲೇ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆಗಲೇ ಹಾಗೆ ಮಾಡಿಸಿದ್ದರೆ ನುಡಿಯಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ಮತ್ತೆ ದುಡ್ಡು ಕೊಡಬೇಡಿ.

ಒತ್ತುಗುಣಿತ (ಬಾಗೇಪಲ್ಲಿ):

ಸರ್, ಅನುವಾದ ಒಳ್ಳೆಯದೇ, ಆದರೆ ಇವರ ವಿಷಯಕ್ಕೆ ಬೇಡ ಅಂತೀನಿ. ಕಿವಿ ಮಂದ ಆದವರಿಗೆ ಮಾತು ಪೂರ್ತಿ ಕೇಳಲ್ಲ ಅಂತಲ್ಲ, ಅರ್ಧ ಕೇಳುತ್ತೆ. ‘ಎಕ್ಕಡಿಕಿ’ ಅನ್ನೋದು ‘...ಡಿಕಿ’ ಅಂತ ಕೇಳಿಸಿದಾಗ ಕಣ್ಣಿಗೆ ‘ಎಕ್ಕಡಿಕಿ’ ಕಂಡರೆ ಎರಡೂ ಸೇರಿ ಮಾತು ಪೂರ್ತಿಯಾಗುತ್ತೆ. ಅಲ್ಲಿ ‘ಎಲ್ಲಿಗೆ’ ಅಂತ ಬರೆದರೆ ಕಿವಿ ಒಂದು ಕಡೆ, ಕಣ್ಣು ಒಂದು ಕಡೆ ಎಳೆದು ಎರಡೂ ದಣಿಯುತ್ತವೆ. ಬೇಕಿದ್ದರೆ ಕನ್ನಡ ಅನುವಾದವನ್ನು ಎರಡನೇ ಟ್ರ್ಯಾಕ್ ಮಾಡಿ ಅದೇ ಎಂಕೆವಿಯಲ್ಲಿ ಇಡಬಹುದು, ಒಂದಕ್ಕೊಂದು ಅಡ್ಡಿಯಿಲ್ಲ.

ಗಡಿಯೂರು (ಚಿಂತಾಮಣಿ):

ಲಿಪಿ ಬದಲಾಯಿತು, ತುಂಬಾ ಉಪಕಾರ. ಫ್ರೇಮ್ ರೇಟ್ ಬದಲಿಸಿದ ಮೇಲೆ ಇಂಟರ್‌ವಲ್ ತನಕ ಕರಾರುವಾಕ್ಕು. ಇಂಟರ್‌ವಲ್ ಆದಮೇಲೆ 4 ಸೆಕೆಂಡ್ ತಡ, ಮುಂದೆ ಒಂದು ಹಾಡು ಮುಗಿದ ಮೇಲೆ ತಾನೇ ಸರಿಹೋಗುತ್ತೆ. ಟಿವಿ ಮಾತ್ರ ಹಾಗೇ ಇದೆ.

ರೀಲುಡಬ್ಬಿ (ಕೋಲಾರ):

ಮಧ್ಯದಲ್ಲಿ ಒಮ್ಮೆಲೇ ಜಿಗಿದು, ಜಿಗಿದಷ್ಟೇ ಉಳಿದರೆ ಅದು ವೇಗದ ತಪ್ಪಲ್ಲ, ಕತ್ತರಿಯ ತಪ್ಪು. ಸಬ್‌ಟೈಟಲ್ ಮಾಡಿದ ಪ್ರತಿಯಲ್ಲಿ ಇಂಟರ್‌ವಲ್ ಕಾರ್ಡ್ ನಿಮ್ಮದಕ್ಕಿಂತ ಉದ್ದ ಇದ್ದಿರಬೇಕು, ಹಾಡಿನ ಹತ್ತಿರ ನಿಮ್ಮದರಲ್ಲಿ ಅಷ್ಟೇ ಹೆಚ್ಚಿಗೆ ಇದೆ. ಇಂಟರ್‌ವಲ್ ನಂತರದ ಮೊದಲ ಸಾಲಿನಿಂದ ಹಾಡಿನ ಮುಂಚಿನ ಸಾಲಿನವರೆಗೆ ಆರಿಸಿ, ‘ಅಡ್ಜಸ್ಟ್ ಆಲ್ ಟೈಮ್ಸ್’ನಲ್ಲಿ ‘ಸೆಲೆಕ್ಟೆಡ್ ಲೈನ್ಸ್ ಓನ್ಲಿ’ ಗುರುತು ಹಾಕಿ, 4 ಸೆಕೆಂಡ್ ಮುಂಚಿತ ಮಾಡಿ. ತಾನೇ ಸರಿಹೋಗದೆ ಕೊನೆತನಕ ತಡವಾಗಿದ್ದಿದ್ದರೆ ಅದರ ಪಕ್ಕದ ‘ಸೆಲೆಕ್ಟೆಡ್ ಲೈನ್ಸ್ ಅಂಡ್ ಫಾರ್ವರ್ಡ್’ ಬೇಕಾಗುತ್ತಿತ್ತು.

ಹಾಡಿನ ಹೊತ್ತಿಗೆ ಸಾಲು ಇದ್ದರೆ ಜಿಗಿತ ಪಲ್ಲವಿಯ ಮುಂಚೆಯೋ ಆಮೇಲೆಯೋ ಅಂತ ಒಮ್ಮೆ ನೋಡಿಕೊಳ್ಳಿ.

ಬಿಂಬಸಾಲು (ಶಿರಾ):

ಟಿವಿ ವಿಷಯಕ್ಕೆ ಬರೋಣ. ‘ಅಕ್ಕ’, ‘ಲಕ್ಷ್ಮಿ’, ‘ಕೃಷ್ಣ’, ‘ಸ್ತ್ರೀ’, ಈ ನಾಲ್ಕು ಪದದ ಪುಟ್ಟ ಫೈಲ್ ಮಾಡಿ ಯಾವ ಟಿವಿಗಾದರೂ ಮೊದಲು ಹಾಕಿ ನೋಡುವುದು ಒಳ್ಳೆಯ ಅಭ್ಯಾಸ. ಬರೀ ಚೌಕ ಬಂದರೆ ಟಿವಿಯಲ್ಲಿ ಕನ್ನಡ ಫಾಂಟ್ ಇಲ್ಲ. ನಿಮ್ಮ ಹಾಗೆ ‘ಅಕ್‌ಕ’ ಬಂದರೆ ಫಾಂಟ್ ಇದೆ, ಆದರೆ ಅಕ್ಷರ ಜೋಡಿಸಿ ಒತ್ತು ಕೂರಿಸುವ ಯಂತ್ರಾಂಗ ಅದರ ಪ್ಲೇಯರಿನಲ್ಲಿ ಇಲ್ಲ. ಟಿವಿಯ ಸೆಟ್ಟಿಂಗ್ ಎಷ್ಟು ತಡಕಾಡಿದರೂ ಇದು ಸರಿಹೋಗಲ್ಲ.

ಎರಡು ದಾರಿ. ಆಂಡ್ರಾಯ್ಡ್ ಟಿವಿ ಅಥವಾ ಅಂಥ ಪೆಟ್ಟಿಗೆ ಇದ್ದರೆ ವಿಎಲ್‌ಸಿ ಹಾಕಿ ಅದರಲ್ಲೇ ಓಡಿಸಿ. ಆಗ ಎಸ್‌ಆರ್‌ಟಿಯನ್ನು ಇನ್ನೊಂದು ಸಬ್‌ಟೈಟಲ್ ತಂತ್ರಾಂಶ ಎಜಿಸಬ್‌ನಲ್ಲಿ ತೆರೆದು ಎಎಸ್‌ಎಸ್ (ಫಾಂಟ್, ಗಾತ್ರವನ್ನೂ ಹೇಳುವ ಸಬ್‌ಟೈಟಲ್ ಫೈಲ್) ಆಗಿ ಉಳಿಸಿ. ಸ್ಕ್ರಿಪ್ಟ್ ಅಳತೆ 1024×576 ಕೊಡಿ, ನಿಮ್ಮ ಸಿನಿಮಾ 16:9 ಇದ್ದರೆ. 720 ಅಂತ ಕೊಟ್ಟರೆ ಚಿತ್ರ ಹಿಗ್ಗುವಾಗ ಅಕ್ಷರವೂ ದಪ್ಪಗೆ ಅಡ್ಡ ಹಿಗ್ಗಬಹುದು. ಫಾಂಟ್ ನೋಟೊ ಸ್ಯಾನ್ಸ್ ಕನ್ನಡ, ಬೋಲ್ಡ್. ಗಾತ್ರ 48ರಿಂದ ಶುರು ಮಾಡಿ. ಒತ್ತಿಗೆ ಜಾಗ ಬಿಟ್ಟು ಮಾಡಿದ ಫಾಂಟ್ ಆದ್ದರಿಂದ ಇಂಗ್ಲಿಷ್ ಫಾಂಟಿನ ಅದೇ ಅಂಕಿಗಿಂತ ಚಿಕ್ಕದಾಗಿ ಕಾಣುತ್ತೆ. ಕಪ್ಪು ಅಂಚು 2.5, ನೆರಳು ಬೇಡ, ಕೆಳಗಿನ ಅಂಚು 40. ಕೆಳಗೆ ಜಾಗ ಕಡಿಮೆ ಬಿಟ್ಟರೆ ಹಳೆಯ ಟಿವಿಗಳು ಚಿತ್ರದ ಅಂಚು ಕತ್ತರಿಸುವಾಗ ಎರಡನೇ ಸಾಲಿನ ಒತ್ತುಗಳೇ ಮೊದಲು ಹೋಗುತ್ತವೆ. ‘ಲಕ್ಷ್ಮಿ’ಯ ಕೆಳಗಿನ ಮಕಾರ ಹೋಗಿ ‘ಲಕ್ಷಿ’ ಉಳಿಯುತ್ತೆ.

ಆಮೇಲೆ ಎಂಕೆವಿ ಜೋಡಿಸುವ ತಂತ್ರಾಂಶ ಎಂಕೆವಿಟೂಲ್‌ನಿಕ್ಸ್‌ಗೆ ಸಿನಿಮಾ ಫೈಲನ್ನೂ ಎಎಸ್‌ಎಸ್ ಫೈಲನ್ನೂ ಎಳೆದು ಹಾಕಿ. ಸಬ್‌ಟೈಟಲ್ ಸಾಲು ಆರಿಸಿ ಭಾಷೆ ತೆಲುಗು, ಅದೇ ಕಿಟಕಿಯಲ್ಲಿ ಲಿಪಿ ಕನ್ನಡ, ಡೀಫಾಲ್ಟ್ ಟ್ರ್ಯಾಕ್ ‘ಯೆಸ್’, ಕಂಪ್ರೆಷನ್ ‘ನೋ ಎಕ್ಸ್‌ಟ್ರಾ ಕಂಪ್ರೆಷನ್’. ಕಂಪ್ರೆಸ್ ಆದ ಸಬ್‌ಟೈಟಲ್ ಅನ್ನು ಬಿಚ್ಚಲಾರದ ಪ್ಲೇಯರ್‌ಗಳಿವೆ, ಅವು ಏನೂ ತೋರಿಸದೆ ಸುಮ್ಮನಿರುತ್ತವೆ. ಅಟ್ಯಾಚ್‌ಮೆಂಟ್ಸ್ ಪುಟದಲ್ಲಿ ಫಾಂಟ್ ಫೈಲನ್ನೂ ಸೇರಿಸಿ, ಪೆಟ್ಟಿಗೆಯಲ್ಲಿ ಕನ್ನಡ ಫಾಂಟ್ ಇರಲಿ ಬಿಡಲಿ ಕೆಲಸ ಆಗುತ್ತೆ. ಚಿತ್ರ ಮತ್ತೆ ಎನ್‌ಕೋಡ್ ಆಗಲ್ಲ, ಕೆಲವೇ ನಿಮಿಷ, ಗುಣಮಟ್ಟ ಒಂದು ಚೂರೂ ಇಳಿಯಲ್ಲ.

ಬರೀ ಟಿವಿಯ ಯುಎಸ್‌ಬಿ ಕಿಂಡಿಯೇ ಗತಿ ಅಂದರೆ ಅಕ್ಷರವನ್ನು ಚಿತ್ರದೊಳಗೇ ಅಚ್ಚು ಹಾಕಬೇಕು. ಮೇಲೆ ಮಾಡಿದ ಎಂಕೆವಿಯನ್ನೇ ವಿಡಿಯೋ ಪರಿವರ್ತಕ ಹ್ಯಾಂಡ್‌ಬ್ರೇಕ್‌ಗೆ ಕೊಡಿ. ಸಬ್‌ಟೈಟಲ್ಸ್ ಪುಟದಲ್ಲಿ ಆ ಟ್ರ್ಯಾಕ್ ಆರಿಸಿ ‘ಬರ್ನ್ ಇನ್’. ಅದೇ ಫಾಂಟನ್ನು ಕಂಪ್ಯೂಟರಿನಲ್ಲೂ ಇನ್‌ಸ್ಟಾಲ್ ಮಾಡಿರಿ. ವಿಡಿಯೋ ಎಕ್ಸ್264, ಆರ್‌ಎಫ್ (ಗುಣಮಟ್ಟದ ಅಂಕಿ, ಏರಿದಷ್ಟೂ ಗುಣಮಟ್ಟ ಇಳಿಯುತ್ತೆ) 19 ಅಥವಾ 20. ಡಿವಿಡಿಗೆ ಅದಕ್ಕಿಂತ ಮೇಲೆ ಹೋದರೆ ಅಕ್ಷರದ ಸುತ್ತ ಸೊಳ್ಳೆ ಮುತ್ತಿದ ಹಾಗೆ ಕಲೆ ಬರುತ್ತೆ. ಫಿಲ್ಟರ್ಸ್‌ನಲ್ಲಿ ‘ಡೀಕಾಂಬ್’ ಹಾಕಿ, ಪಾಲ್ ಡಿಸ್ಕಿನ ಬಾಚಣಿಗೆ ಗೆರೆಗಳು ಹೋಗುತ್ತವೆ. ಆಡಿಯೋ ಮುಟ್ಟಬೇಡಿ, ‘ಪಾಸ್‌ಥ್ರೂ’ ಇರಲಿ.

ಪೂರ್ತಿ ಓಡಿಸುವ ಮುಂಚೆ ‘ರೇಂಜ್’ನಲ್ಲಿ ಸೆಕೆಂಡ್ ಆರಿಸಿ 2460ರಿಂದ 2520 ಕೊಟ್ಟು ಒಂದೇ ನಿಮಿಷ ಮಾಡಿ ಟಿವಿಯಲ್ಲಿ ನೋಡಿ. ದೂರ ಕೂತು ಓದುವವರನ್ನೇ ಕೂರಿಸಿ ಗಾತ್ರ ಕೇಳಿ. ಅಚ್ಚಾದ ಮೇಲೆ ಬದಲಿಸಲಾಗಲ್ಲ. ಔಟ್‌ಪುಟ್ ಎಂಕೆವಿಯೇ ಇರಲಿ. ಮಧ್ಯೆ ಕರೆಂಟ್ ಹೋಗಿ ಕಂಪ್ಯೂಟರ್ ನಿಂತರೆ ಎಂಪಿ4 ಫೈಲ್ ತೆರೆಯುವುದೇ ಇಲ್ಲ, ಅದರ ಸೂಚಿ ಕೊನೆಯಲ್ಲಿ ಬರೆಯುವಂಥದ್ದು. ಅಚ್ಚಿಲ್ಲದ ಮೊದಲ ಎಂಕೆವಿ ಅಳಿಸಬೇಡಿ, ನಾಳೆ ಒಂದು ಪದ ತಿದ್ದಬೇಕಾದರೆ ಅದೇ ಬೇಕು.

ಗಡಿಯೂರು (ಚಿಂತಾಮಣಿ):

ಒಂದು ನಿಮಿಷದ ಪರೀಕ್ಷೆ ಟಿವಿಯಲ್ಲಿ ಚೆನ್ನಾಗಿ ಬಂತು, ಒತ್ತು ಎಲ್ಲ ಕೂತಿದೆ. ಗಾತ್ರ 52ಕ್ಕೆ ಏರಿಸಿದ್ದೇವೆ. ಅಚ್ಚಿಲ್ಲದ ಎಂಕೆವಿಯನ್ನೂ ಇನ್ನೊಂದು ಪೆನ್‌ಡ್ರೈವಿನಲ್ಲಿ ಇಡೋಣ ಅಂದರೆ ಕಾಪಿ ಆಗ್ತಿಲ್ಲ. ಫೈಲ್ 6.1 ಜಿಬಿ, ಪೆನ್‌ಡ್ರೈವಿನಲ್ಲಿ 20 ಜಿಬಿ ಖಾಲಿ ಇದೆ.

ಬಿಂಬಸಾಲು (ಶಿರಾ):

ಆ ಪೆನ್‌ಡ್ರೈವ್ ಫ್ಯಾಟ್32 ಇರುತ್ತೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ, ಎಷ್ಟು ಖಾಲಿ ಇದ್ದರೂ. ಒಳಗಿರುವುದನ್ನು ಬೇರೆ ಕಡೆ ತೆಗೆದಿಟ್ಟು ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ. ಟಿವಿ ಎಕ್ಸ್‌ಫ್ಯಾಟ್ ಓದದಿದ್ದರೆ ಎನ್‌ಟಿಎಫ್‌ಎಸ್. ಅದೂ ಆಗದಿದ್ದರೆ ಎಂಕೆವಿಟೂಲ್‌ನಿಕ್ಸ್‌ನ ಔಟ್‌ಪುಟ್ ಪುಟದಲ್ಲಿ ‘ಸ್ಪ್ಲಿಟ್’ ಆರಿಸಿ, ಇಂಟರ್‌ವಲ್ ಸಮಯ ಕೊಟ್ಟು ಎರಡು ತುಂಡು ಮಾಡಿ. ಸಬ್‌ಟೈಟಲ್ ಟ್ರ್ಯಾಕ್ ಒಳಗೇ ಇರುವುದರಿಂದ ಅದೂ ಜೊತೆಗೇ ಸರಿಯಾಗಿ ತುಂಡಾಗುತ್ತೆ. ಎರಡನೇ ತುಂಡಿನ ಮೊದಲ ಎರಡು ಮೂರು ಮಾತು ಮಾತ್ರ ನೋಡಿಕೊಳ್ಳಿ, ಕತ್ತರಿ ಕೀಫ್ರೇಮ್ (ಪೂರ್ತಿ ಚಿತ್ರ ಉಳಿಸಿರುವ ಫ್ರೇಮ್) ಇರುವಲ್ಲೇ ಬೀಳುವುದರಿಂದ ಕೊಟ್ಟ ಸಮಯಕ್ಕಿಂತ ಅರೆಕ್ಷಣ ಆಚೀಚೆ ಆಗಬಹುದು.