ಸಹಾಯ ಬೇಕು: ಪುಟ್ಟ ಮಗುವಿಗೆ ಸಂಜ್ಞೆ ಭಾಷೆ ಕಲಿಸುವವರು ಮೈಸೂರಿನಲ್ಲಿ ಇದ್ದಾರೆಯೇ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗಳಿಗೆ ಒಂದೂವರೆ ವರ್ಷ, ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಶ್ರವಣ ಸಾಧನ ಹಾಕಿಸಿದ್ದೇವೆ, ವಾಕ್ ತರಬೇತಿಯೂ ನಡೆಯುತ್ತಿದೆ. ಜೊತೆಗೆ ಭಾರತೀಯ ಸಂಜ್ಞೆ ಭಾಷೆಯನ್ನೂ ಕಲಿಸಬೇಕೆಂದಿದ್ದೇವೆ. ಸಂಜ್ಞೆ ಕಲಿತರೆ ಮಾತು ಬರುವುದಿಲ್ಲ ಎಂದು ಹೆದರಿಸುವವರಿದ್ದಾರೆ, ನಾನಂತೂ ಒಪ್ಪುವುದಿಲ್ಲ. ಭಾಷೆಯಿಲ್ಲದೆ ಕಳೆದ ಎಳೆಯ ವರ್ಷಗಳು ಮರಳಿ ಬರುತ್ತವೆಯೇ? ಬೆರಳುಗಳ ತುದಿ ಕೂಡಿಸಿ ಬಾಯಿಯ ಬಳಿ ಒಯ್ದರೆ ಊಟವೆಂದು ಅವಳಿಗೆ ಈಗಲೇ ಗೊತ್ತು. ಇನ್ನೂ ಬೇಕೆನ್ನಲು ಮಾತ್ರ ತಟ್ಟೆ ಬಡಿಯುತ್ತಾಳೆ.

ದೆಹಲಿಯ ಭಾರತೀಯ ಸಂಜ್ಞೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ 10,000 ಪದಗಳ ನಿಘಂಟಿನ ವಿಡಿಯೊ ನೋಡುತ್ತೇವೆ. ಆದರೆ ಬಿಡಿ ಪದಗಳಿಂದ ಮಾತುಕತೆ ಆಗದು. ಮುಖಭಾವ, ವಾಕ್ಯದ ಓಟ ಎದುರಿಗೇ ಕುಳಿತು ಕಲಿಯಬೇಕು. ಮನೆಗೆ ಬಂದು, ಮಗುವಿನೊಂದಿಗೆ ಆಡುತ್ತಾ ನಮಗೂ ಅಜ್ಜಿಗೂ ಕಲಿಸಬಲ್ಲ ಕಿವುಡ ಶಿಕ್ಷಕರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸಂಭಾವನೆ ಕೊಡುತ್ತೇವೆ.